ಮಡುವಿನ ಕೆಸರು, ಗುರಮ್ಮನ ಕೌದಿ

ಅಫಜಲಪುರ ತಾಲೂಕಿನ ಮಡಿನಹಾಳ ಭೀಮಾ ನದಿಯ ದಂಡೆಯ ಮೇಲಿದೆ. ಗಾಣಗಾಪುರದ ಕಡೆಯಿಂದ ಬರುವ ಹೊಳೆ ಅಲ್ಲಿ ಒಂದು ಹಾಸುಬಂಡೆಗೆ ಹಾಯ್ದು ತಿರುಗುತ್ತದೆ. ತಿರುಗುವಲ್ಲಿ ಒಂದು ಮಡು ಬಿದ್ದಿದೆ. ಬೇಸಿಗೆಯಲ್ಲಿ ಹೊಳೆಯೆಲ್ಲ ಬತ್ತಿ ಉಸುಕಾದರೂ ಮಡುವಿನಲ್ಲಿ ನೀರು ನಿಂತಿರುತ್ತದೆ. ಊರಿನವರು ಅಲ್ಲಿಯೇ ಬಟ್ಟೆ ಒಗೆಯುತ್ತಾರೆ, ಎಮ್ಮೆ ತೊಳೆಯುತ್ತಾರೆ, ಬಾಯಿ ಮುಕ್ಕಳಿಸುತ್ತಾರೆ. ಬೋರು ಕೆಟ್ಟಾಗ ಕುಡಿಯಲು ಕೊಡ ತುಂಬುವುದೂ ಅಲ್ಲಿಯೇ. ಬೋರು ಯಾವಾಗ ಕೆಟ್ಟಿರುತ್ತದೆ ಎಂದು ಮಡಿನಹಾಳದಲ್ಲಿ ಯಾರೂ ಕೇಳುವುದಿಲ್ಲ, ಯಾವಾಗ ನೆಟ್ಟಗಿರುತ್ತದೆ ಎಂದು ಕೇಳುತ್ತಾರೆ.

ನಾವು ಹೇಳುವುದು ೧೯೯೭ರ ಬೇಸಿಗೆಯ ಮಾತು. ಆಗ ಊರಿಗೆ ಮುದ್ದತಿ ಜ್ವರ ಹೊಕ್ಕಿತ್ತು. ವಾರಗಟ್ಟಲೆ ಮೈ ಸುಡುವ ಈ ಜ್ವರಕ್ಕೆ ಡಾಕ್ಟರರು ಟೈಫಾಯಿಡ್ ಎನ್ನುತ್ತಾರೆ. ಜ್ವರವೇನೂ ಹೊಸದಲ್ಲ, ಮಡಿನಹಾಳದವರ ಅಜ್ಜ ಮುತ್ತಜ್ಜರೂ ಅದನ್ನು ಕಂಡವರೇ. ಹೊಸದಾಗಿದ್ದದ್ದು ಬೇರೆ. ಬಿಟ್ಟುಹೋದ ಜ್ವರ ತಿರುಗಿ ಬರುತ್ತಿತ್ತು. ತಿರುಗಿ ಬಂದದ್ದು ಹಳೆಯ ಔಷಧಿಗೆ ಜಗ್ಗುತ್ತಿರಲಿಲ್ಲ.

ಈ ಊರಿಗೆ ಒಂದು ಪದ್ಧತಿಯಿದೆ. ಯಾರಿಗಾದರೂ ಜಡ್ಡು ಬಂದು, ಜ್ವರ ಇಳಿದು ಮೈ ತಣ್ಣಗಾಯಿತೆಂದರೆ, ಅವರನ್ನು ಮಡುವಿಗೆ ಕರೆದೊಯ್ದು ತಲೆಯ ಮೇಲೆ ನೀರು ಹಾಕುತ್ತಾರೆ. ಅವರು ಮಲಗಿದ್ದ ಕೌದಿಯನ್ನು ಒಗೆಯುತ್ತಾರೆ. ಮನೆಯಲ್ಲಿ ಉಳಿದ ಔಷಧಿಯನ್ನು ನೀರಿಗೆ ಬಿಡುತ್ತಾರೆ. ಇದಕ್ಕೆ ಜಡ್ಡಿನ ನೀರು ಎನ್ನುತ್ತಾರೆ. ಔಷಧಿ ಮನೆಯಲ್ಲಿ ಉಳಿದರೆ ಅದನ್ನು ಹುಡುಕಿಕೊಂಡು ಜಡ್ಡು ಮರಳಿ ಬರುತ್ತದೆ ಎಂಬುದು ನಂಬಿಕೆ. ಹಿಂದೆ ಔಷಧಿ ಎಂದರೆ ಬೇವಿನ ಕಷಾಯ, ತೇಯ್ದ ಬೇರು, ಅರಿಷಿಣ. ಅವನ್ನು ಮಡುವಿಗೆ ಬಿಟ್ಟರೆ ಮೀನುಗಳಿಗೂ ಬೇಜಾರಿಲ್ಲ. ಆಮೇಲೆ ಗುಳಿಗೆ ಬಂತು, ಕ್ಯಾಪ್ಸೂಲು ಬಂತು. ಔಷಧಿ ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಇದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಹೊಳೆದಿರಲಿಲ್ಲ, ಹೊಳೆಯಲು ಕಾರಣವೂ ಇರಲಿಲ್ಲ.

ಜ್ವರ ಏಳುವ ಮೊದಲು, ಹೋಳಿಹುಣ್ಣಿಮೆಯ ಸುಮಾರಿಗೆ, ಅಬ್ದುಲ್ ಗನಿ ಎಂಬ ಒಬ್ಬ ತರುಣ ಮಡುವಿಗೆ ಬಂದಿದ್ದ. ಆಳಂದದ ಕಡೆಯವನು. ಗುಲಬರ್ಗಾದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ. ಪ್ಯಾಂಟು ಮೊಳಕಾಲಿನವರೆಗೆ ಮಡಚಿ ನೀರಿಗಿಳಿದು, ತಳದ ಕೆಸರನ್ನು ಗಾಜಿನ ಬಾಟಲಿಗೆ ತುಂಬುತ್ತಿದ್ದ. ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಗುರಮ್ಮ ಅವನನ್ನು ಬಹಳ ಹೊತ್ತು ನೋಡಿದಳು.

ಗುರಮ್ಮನ ಬಗ್ಗೆ ಒಂದು ಮಾತು. ವಿಭೂತಿ ಇಟ್ಟುಕೊಂಡ ಹಣೆ, ಸೆಟೆದ ಬೆನ್ನು, ಮುಚ್ಚುಮರೆಯಿಲ್ಲದ ಬಾಯಿ. ಮಡಿನಹಾಳದಲ್ಲಿ ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವಳ ಕೈ ದೊಡ್ಡದು. ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಹಳೆಯ ಸೀರೆ, ಧೋತರ ತಂದು ಅವಳ ಕಟ್ಟೆಗೆ ಹಾಕುತ್ತಿದ್ದರು. ಮಗ ಚಂದ್ರಾಮಪ್ಪ ತೊಗರಿ ಬೆಳೆಯುತ್ತಾನೆ. ಸೊಸೆ ಶಾರದಾಬಾಯಿ. ಮೊಮ್ಮಗಳು ಕಾಶಿ, ಎರಡನೆಯ ಇಯತ್ತೆ ಓದುವವಳು, ಆಯಿ ಆಯಿ ಎನ್ನುತ್ತ ಅಜ್ಜಿಯ ಸೆರಗು ಬಿಟ್ಟು ಅಲ್ಲಾಡದವಳು.

“ಯಾರೋ ತಮ್ಮಾ ನೀ?” ಎಂದಳು ಗುರಮ್ಮ. “ಮೀನ ಹಿಡಿಯಾಂವ ಬಲಿ ತರ್ತಾನ. ಉಸುಕು ಒಯ್ಯಾಂವ ಬಂಡಿ ತರ್ತಾನ. ನೀ ಬಾಟ್ಲಿ ತಂದೀದಿ.”

“ಕೆಸರು ಒಯ್ಯಾಕತ್ತೇನ್ರಿ ಆಯಿ.”

“ನಿಮ್ಮೂರಾಗ ಕೆಸರಿಲ್ಲೇನು?”

“ಅದರೀ. ಎಲ್ಲಾ ಕಡೀದೂ ಒಯ್ತೇನಿ. ಕೆಸರಿನಾಗ ಕಣ್ಣಿಗೆ ಕಾಣದ ಹುಳ ಇರ್ತಾವ. ಯಾವ ಔಷಧಿಗೆ ಸಾಯ್ತಾವ, ಯಾವುದಕ್ಕ ಸಾಯಂಗಿಲ್ಲ ಅಂತ ನೋಡ್ತೇವಿ. ಆಮ್ಯಾಲ ಕಂಪ್ಯೂಟರಿಗೆ ಹಾಕಿ ಒಂದಕ್ಕೊಂದು ತಾಳಿ ನೋಡ್ತೇವಿ.”

ಕಂಪ್ಯೂಟರ್ ಎಂದದ್ದೇ ತಪ್ಪಾಯಿತು. ಗುರಮ್ಮ ಕೈಯಲ್ಲಿನ ಬಟ್ಟೆ ಬಂಡೆಗೆ ಅಪ್ಪಳಿಸಿದಳು.

“ಗಾಣಗಾಪುರದ ಗುಡಿ ಹಾದ್ಯಾಗ ಒಬ್ಬಾಂವ ಕಂಪ್ಯೂಟರ್ ಇಟ್ಕೊಂಡು ಜಾತಕ ಹೇಳ್ತಾನ. ಈ ವರ್ಷ ನಿಮಗ ಲಗ್ನದ ಯೋಗ ಅದ ಅಂದ ನನಗ. ನನ್ನ ಮೊಮ್ಮಗಳು ಸಾಲಿಗೆ ಹೋಗ್ತಾಳ, ನನಗ ಲಗ್ನದ ಯೋಗ. ಅಂಥಾ ಕಂಪ್ಯೂಟರಿಗೆ ನಮ್ಮ ಮಡುವಿನ ಕೆಸರು ತಿನಸ್ತಿಯೇನು?”

ಗನಿ ನಕ್ಕುಬಿಟ್ಟ. ವಾದ ಮಾಡುವವನಲ್ಲ. ಊರು ಇನ್ನೂ ತಾಗದ ಮೇಲಿನ ಹೊಳೆಯ ಕೆಸರು ಒಂದು ಬಾಟಲಿಯಲ್ಲಿ, ಮಡುವಿನ ಕೆಸರು ಇನ್ನೊಂದರಲ್ಲಿ ತುಂಬಿಕೊಂಡು ಬಸ್ಸು ಹತ್ತಿದ. ಆಮೇಲೆ ಊರಿನಲ್ಲಿ ಅವನ ಹೆಸರು ಕೆಸರುಗಳ್ಳ ಎಂದಾಯಿತು.

ಬಿಸಿಲು ಏರಿತು. ಕಾಶಿ ಶಾಲೆಯಿಂದ ಬಂದವಳೇ ಜೋಳದ ಚೀಲದ ಮೇಲೆ ಮಲಗಿದಳು. ಮುಟ್ಟಿದರೆ ಮೈ ಹಂಚಿನ ಹಾಗೆ ಕಾದಿತ್ತು.

ಆ ಭಾಗದ ನರ್ಸು ಹಮೀದಾಬೇಗಂ. ಜೇವರ್ಗಿಯಲ್ಲಿ ಹುಟ್ಟಿದವಳು, ಮಡಿನಹಾಳಕ್ಕೆ ಬಂದು ಬಹಳ ವರ್ಷವಾಗಿತ್ತು. ಗುರಮ್ಮನಿಗೂ ಅವಳಿಗೂ ಜಗಳವಿಲ್ಲದ ವಾರವಿಲ್ಲ, ಒಬ್ಬರನ್ನೊಬ್ಬರು ಬಿಟ್ಟು ಚಹಾ ಕುಡಿದ ವಾರವೂ ಇಲ್ಲ. ಕಾಶಿಯನ್ನು ನೋಡಿದ ಹಮೀದಾಬೇಗಂ ಅಂದೇ ಅಫಜಲಪುರದ ಆಸ್ಪತ್ರೆಗೆ ಕಳಿಸಿದಳು. ಡಾಕ್ಟರರು ಎರಡು ವಾರಕ್ಕೆ ಸಾಕಾಗುವಷ್ಟು ಕ್ಯಾಪ್ಸೂಲು ಕೊಟ್ಟರು. ಒಂದನ್ನೂ ತಪ್ಪಿಸಬೇಡಿ ಎಂದರು. ಚಂದ್ರಾಮಪ್ಪ ಹೂಂ ಎಂದ. ಆಸ್ಪತ್ರೆಯಲ್ಲಿ ಎಲ್ಲರೂ ಹೂಂ ಎನ್ನುತ್ತಾರೆ.

ವಾರ ತುಂಬುವುದರೊಳಗೆ ಜ್ವರ ಇಳಿಯಿತು. ಕಾಶಿ ಎದ್ದು ರೊಟ್ಟಿ ಕೇಳಿದಳು. ಗುರಮ್ಮ ಮರುದಿನವೇ ಅವಳನ್ನು ಮಡುವಿಗೆ ಕರೆದುಕೊಂಡು ಹೋಗಿ ಜಡ್ಡಿನ ನೀರು ಹಾಕಿದಳು. ಉಳಿದ ಕ್ಯಾಪ್ಸೂಲುಗಳನ್ನು ನೀರಿಗೆ ಬಿಟ್ಟಳು. ಅವು ಸ್ವಲ್ಪ ಹೊತ್ತು ತೇಲಿ, ಮೆತ್ತಗಾಗಿ, ತಳಕ್ಕೆ ಹೋದವು.

ಹಮೀದಾಬೇಗಂಗೆ ಸಂಜೆ ಸುದ್ದಿ ಮುಟ್ಟಿತು. ಬಂದವಳು ಹೊಸ್ತಿಲಲ್ಲೇ ನಿಂತಳು.

“ಗುರಮ್ಮಾರ, ಇನ್ನಾ ಅರ್ಧಾ ಔಷಧಿ ಉಳಿದಿತ್ತಲ್ರೀ.”

“ಜ್ವರಾ ಉಳಿದಿಲ್ಲಲ್ಲ ಬೇಗಂ. ಜಡ್ಡೇ ಹೋದ ಮ್ಯಾಲ ಔಷಧಿ ಯಾಕ? ಕೂಸಿನ ಹೊಟ್ಟಿ ಸುಡಾಕೇನು?”

“ಜ್ವರಾ ಇಳೀತು, ಹುಳ ಇಳಿದಿಲ್ಲ. ಸೋತಿರೋವು ಸತ್ತಾವ, ಗಟ್ಟಿ ಇದ್ದಾವು ಒಳಗ ಕುಂತಾವ. ಡಾಕ್ಟರ್ ಎರಡು ವಾರ ಅಂದದ್ದು ಅವೂ ಹೋಗಲಿ ಅಂತ. ಮ್ಯಾಲ ಅದನ್ನ ಮಡುವಿಗೆ ಯಾಕ ಬಿಟ್ರಿ?”

“ನಮ್ಮ ಅತ್ತಿ ಬಿಟ್ಟಾಳ, ಅವಳ ಅತ್ತಿ ಬಿಟ್ಟಾಳ. ನೀ ಚಹಾ ಕುಡೀತಿಯೋ, ನನಗ ಪಾಠಾ ಹೇಳ್ತಿಯೋ?”

ಹಮೀದಾಬೇಗಂ ಚಹಾ ಕುಡಿದಳು. ಆದರೆ ಅವಳ ಮನಸ್ಸು ಒಳಗೆ ಸರಿಯಿರಲಿಲ್ಲ. ಔಷಧಿ ಅರ್ಧಕ್ಕೆ ಬಿಡಬಾರದೆಂದು ಅವಳಿಗೆ ಗೊತ್ತಿತ್ತು. ನೀರಿಗೆ ಬಿಟ್ಟ ಔಷಧಿ ಅಲ್ಲಿ ಏನು ಮಾಡುತ್ತದೆಂಬುದು ಅವಳಿಗೂ ಗೊತ್ತಿರಲಿಲ್ಲ. ಕೆಸರು ಒಯ್ದ ತರುಣನನ್ನು ಕೇಳಬೇಕು ಎಂದುಕೊಂಡಳು.

ಕೇಳುವ ಮೊದಲೇ ಜ್ವರ ತಿರುಗಿ ಬಂತು. ಈ ಸಲ ಬಂದದ್ದು ಮೊದಲಿನ ಹಾಗಿರಲಿಲ್ಲ. ಚಂದ್ರಾಮಪ್ಪ ಅಂಗಡಿಯಿಂದ ಅದೇ ಕ್ಯಾಪ್ಸೂಲು ತಂದ. ಕಾಶಿ ನುಂಗಿದಳು, ವಾಂತಿ ಮಾಡಿದಳು, ಮತ್ತೆ ನುಂಗಿದಳು. ಜ್ವರ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ಹುಡುಗಿ ಬಡಬಡಿಸತೊಡಗಿದಳು. ತಾಯಿಯನ್ನು ಗುರುತಿಸಲಿಲ್ಲ, ಅಜ್ಜಿಯನ್ನೂ ಗುರುತಿಸಲಿಲ್ಲ. ಅಂದು ಗುರಮ್ಮ ಹೆದರಿದಳು. ಮಡಿನಹಾಳದಲ್ಲಿ ಯಾರೂ ನೋಡಿರದ ಹಾಗೆ ಹೆದರಿದಳು. ಹಮೀದಾಬೇಗಂ ಜೀಪು ಹಿಡಿದು ಕೂಸನ್ನೂ ಅದರ ತಂದೆತಾಯಿಯನ್ನೂ ಗುಲಬರ್ಗಾಕ್ಕೆ ಕರೆದೊಯ್ದಳು.

ಗುಲಬರ್ಗಾದ ಆಸ್ಪತ್ರೆಯಲ್ಲಿ ಕಾಶಿಯ ರಕ್ತ ತೆಗೆದು ಅದರಲ್ಲಿನ ಕ್ರಿಮಿಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರು. ತಟ್ಟೆಯ ಮೇಲೆ ಬೇರೆ ಬೇರೆ ಔಷಧಿ ಸವರಿದ ಕಾಗದದ ಸಣ್ಣ ಬಿಲ್ಲೆಗಳನ್ನಿಟ್ಟರು. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಕ್ರಿಮಿ ಸತ್ತು ಜಾಗ ಬಯಲಾಗುತ್ತದೆ. ಕಾಶಿ ನುಂಗಿದ್ದ ಕ್ಯಾಪ್ಸೂಲಿನ ಬಿಲ್ಲೆಯ ಸುತ್ತ ಬಯಲಿರಲಿಲ್ಲ. ಕ್ರಿಮಿಗಳು ಬಿಲ್ಲೆಯ ಅಂಚಿನವರೆಗೂ ಹುಲುಸಾಗಿ ಬೆಳೆದಿದ್ದವು.

ಡಾಕ್ಟರರು ತಟ್ಟೆಯನ್ನು ಚಂದ್ರಾಮಪ್ಪನಿಗೆ ತೋರಿಸಿದರು. “ಈಕಿಗೆ ಆ ಕ್ಯಾಪ್ಸೂಲು ಕೊಟ್ರೂ ಒಂದೇ, ಬೆಲ್ಲದ ನೀರು ಕೊಟ್ರೂ ಒಂದೇ. ಬ್ಯಾರೆ ಸೂಜಿ ಮಾಡ್ತೇವಿ. ಜ್ವರಾ ಇಳಿದ ಮ್ಯಾಲ ಗುಳಿಗಿ ಕೊಟ್ಟು ಕಳಸ್ತೇವಿ. ಅದನ್ನ ಪೂರಾ ನುಂಗಬೇಕು. ಇದಕ್ಕೂ ಹುಳ ಹೊಂದಿಕೊಂಡ್ವು ಅಂದ್ರ ನನ್ನ ಕೈಯಾಗ ಕೊಡಾಕ ಹೆಚ್ಚೇನೂ ಉಳಿದಿಲ್ಲ.”

ಚಂದ್ರಾಮಪ್ಪ ಈ ಸಲ ಹೂಂ ಎನ್ನಲಿಲ್ಲ. ತಟ್ಟೆಯನ್ನೇ ನೋಡುತ್ತ ನಿಂತ.

ಹಮೀದಾಬೇಗಂ ಅದೇ ಊರಲ್ಲಿದ್ದ ಗನಿಯನ್ನು ಹುಡುಕಿ ಹೋದಳು. ಮಡುವಿನ ಕೆಸರು ಅವನ ಬಳಿ ಇತ್ತು, ಕಾಶಿಯ ಕ್ರಿಮಿ ಆಸ್ಪತ್ರೆಯ ತಟ್ಟೆಯಲ್ಲಿತ್ತು. ಎರಡನ್ನೂ ತಾಳೆ ನೋಡಲು ಬರುತ್ತದೆಯೇ ಎಂದು ಕೇಳಿದಳು. ಡಾಕ್ಟರರು ಒಪ್ಪಿ ಕ್ರಿಮಿಯನ್ನು ಕೊಟ್ಟರು. ಗನಿ ಅದನ್ನೂ ಕೆಸರಿನ ಕ್ರಿಮಿಗಳನ್ನೂ ಹೈದರಾಬಾದಿಗೆ ಒಯ್ದ. ಅಲ್ಲಿ ಅವನ ಗುರುಗಳ ಪರಿಚಯದ ಒಂದು ಪ್ರಯೋಗಾಲಯವಿತ್ತು.

ಕಾಶಿಗೆ ಸೂಜಿಯ ಔಷಧಿ ನಾಟಿತು. ಮೊದಲು ತಾಯಿಯನ್ನು ಗುರುತಿಸಿದಳು. ಆಮೇಲೆ ಆಯಿ ಎಲ್ಲಿ ಎಂದು ಕೇಳಿದಳು. ಗುಳಿಗೆಗಳನ್ನು ಕೊಟ್ಟು, ಮುಗಿಯುವ ತನಕ ನುಂಗಿಸಿ ಎಂದು ಒತ್ತಿ ಹೇಳಿ, ಡಾಕ್ಟರರು ಊರಿಗೆ ಕಳಿಸಿದರು.

ಕೆಲವು ದಿನ ಕಳೆದು ಗನಿ ಮಡಿನಹಾಳಕ್ಕೆ ಬಂದ. ಹಮೀದಾಬೇಗಂ ಅವನನ್ನು ಕರೆದುಕೊಂಡು ನೆಟ್ಟಗೆ ಗುರಮ್ಮನ ಮನೆಗೆ ಹೋದಳು. ಅಂಗಳದಲ್ಲಿ ಶಾರದಾಬಾಯಿ ಒಬ್ಬಳೇ ಇದ್ದಳು. ಅವಳ ಮುಖ ಇಳಿದಿತ್ತು.

“ಅತ್ತಿ ಕಾಶಿನ ಕರ್ಕೊಂಡು ಮಡುವಿಗೆ ಹೋಗ್ಯಾರ್ರಿ. ಜಡ್ಡಿನ ನೀರು ಹಾಕ್ತೇನಿ ಅಂದ್ರು. ಗುಳಿಗಿ ಇನ್ನೂ ಅದಾವ, ಬ್ಯಾಡ್ರಿ ಅಂದೆ. ಹಿಂದಿನ ಸಲ ಏನೋ ಕಡಿಮಿ ಬಿತ್ತು, ಅದಕ್ಕ ಜ್ವರಾ ತಿರುಗಿ ಬಂತು, ಈ ಸಲ ಬರೋಬ್ಬರಿ ಮಾಡ್ತೇನಿ ಅಂದು ಗುಳಿಗಿ ಸೆರಗಿಗೆ ಕಟ್ಕೊಂಡು ಹೋದ್ರು.”

ಇಬ್ಬರೂ ಓಡಲಿಲ್ಲ, ಆದರೆ ನಡೆದದ್ದಕ್ಕೆ ಓಡುವುದಕ್ಕಿಂತ ಹೆಚ್ಚು ಉಸಿರು ಹತ್ತಿತು.

ಮಡುವಿನ ಬಂಡೆಯ ಮೇಲೆ ಕೌದಿಗಳು ಒಣಗುತ್ತಿದ್ದವು. ಒಂದು ಕಾಶಿಯದು. ಇನ್ನೊಂದು ಪಕ್ಕದ ಮನೆಯ ನಿಂಬೆವ್ವನದು, ಅವಳ ಮನೆಯಲ್ಲೂ ಯಾರಿಗೋ ಜಡ್ಡು ಬಿಟ್ಟಿತ್ತು. ನಿಂಬೆವ್ವ ದಂಡೆಯಲ್ಲಿ ಕುಳಿತು ಪಾತ್ರೆ ತಿಕ್ಕುತ್ತಿದ್ದಳು. ಕಾಶಿ ಬೇವಿನ ನೆರಳಿನಲ್ಲಿ ಕುಳಿತಿದ್ದಳು, ಕೈಕಾಲು ಜೋಳದ ದಂಟಿನಷ್ಟು ಸಣ್ಣಗಾಗಿದ್ದವು. ಗುರಮ್ಮ ಚೊಂಬು ಹಿಡಿದು ನೀರಿಗೆ ಬಗ್ಗಿದ್ದಳು. ಸೆರಗಿನ ಗಂಟು ಇನ್ನೂ ಬಿಚ್ಚಿರಲಿಲ್ಲ.

“ಗುರಮ್ಮಾರ, ಜರಾ ತಡೀರಿ,” ಎಂದಳು ಹಮೀದಾಬೇಗಂ.

“ಏನು ಬೇಗಂ, ಕೆಸರುಗಳ್ಳನ್ನೂ ಕರ್ಕೊಂಡು ಬಂದೀದಿ. ಏನಂತದ ಅವನ ಕಂಪ್ಯೂಟರ್? ನನ್ನ ಲಗ್ನ ಯಾವಾಗಂತ?”

ಗನಿ ಸಂಶೋಧಕರ ಭಾಷೆಯಲ್ಲಿ ಶುರು ಮಾಡಿದ. ಪ್ರತಿಯೊಂದು ಕ್ರಿಮಿಯ ಒಳಗೂ ಅದರ ಗುಣಗಳನ್ನು ಬರೆದಿಟ್ಟ ಬರಹವಿರುತ್ತದೆ, ಆ ಬರಹಕ್ಕೆ ನಾಲ್ಕೇ ಅಕ್ಷರ, ಅವು ಲಕ್ಷಗಟ್ಟಲೆ ಸಾಲಾಗಿ ಕೂತಿರುತ್ತವೆ, ಅವನ್ನು ಓದಿ ಕಂಪ್ಯೂಟರಿಗೆ ಕೊಟ್ಟರೆ ಅದು ಬೇರೆ ಕ್ರಿಮಿಗಳ ಬರಹದ ಜೊತೆ ತಾಳೆ ನೋಡುತ್ತದೆ. ಎಲ್ಲವೂ ನಿಜವಾದ ಮಾತು. ನಿಂಬೆವ್ವ ಆಕಳಿಸಿದಳು. ಗುರಮ್ಮ ಚೊಂಬು ತುಂಬಿದಳು.

ಗನಿಗೆ ದಿಕ್ಕು ತೋಚದಾಯಿತು. ಅತ್ತ ಇತ್ತ ನೋಡಿದ. ಬಂಡೆಯ ಮೇಲಿನ ಕೌದಿಗಳ ಮೇಲೆ ಅವನ ಕಣ್ಣು ಬಿತ್ತು.

“ಆಯಿ, ಈ ಎರಡೂ ಕೌದಿ ನೀವೇ ಹೊಲಿದದ್ದೇನು?”

“ಅಲ್ಲ. ಇದು ನಂದು. ಅದು ನಿಂಬೆವ್ವ ಹೊಲಿದದ್ದು. ಹೊಲಿಗಿ ನೋಡು, ಬಾತುಕೋಳಿ ನಡದಂಗದ.” ನಿಂಬೆವ್ವ ಪಾತ್ರೆಯನ್ನು ಇನ್ನೂ ಜೋರಾಗಿ ತಿಕ್ಕಿದಳು.

“ಹೊಲಿದ ಕೈ ಬ್ಯಾರೆ, ಕೌದಿ ಬ್ಯಾರೆ. ಆದ್ರ ಈ ಕೆಂಪು ದಡಿಯ ತುಂಡು ಎರಡರಾಗೂ ಅದಲ್ರೀ.”

ಗುರಮ್ಮ ಬಗ್ಗಿ ನೋಡಿದಳು. ನೋಡಬೇಕಾಗಿರಲಿಲ್ಲ, ಅವಳಿಗೆ ಗೊತ್ತಿತ್ತು. “ಅದು ಶಾರದಿ ಲಗ್ನದ ಇಳಕಲ್ ಸೀರಿದು. ಹರೀತು. ಅರ್ಧಾ ನಾ ಇಟ್ಕೊಂಡೆ, ಅರ್ಧಾ ನಿಂಬೆವ್ವಗ ಕೊಟ್ಟೆ.”

“ನೀವು ಹೇಳದಿದ್ರೂ ತುಂಡು ತಾಳಿ ನೋಡಿದಾವ್ರಿಗೆ ಗೊತ್ತಾಗತದಿಲ್ಲೋ, ಈ ಎರಡು ಮನಿ ನಡುವ ಬಟ್ಟಿ ಓಡಾಡೇದ ಅಂತ?”

“ಕುರುಡಿಗೂ ಗೊತ್ತಾಗತದ. ದಡಿ ಅದೇ, ನೇಯ್ಗಿ ಅದೇ, ಬಣ್ಣಾ ಮಾಸಿದ್ದೂ ಅದೇ.”

“ನಮ್ಮ ಕಂಪ್ಯೂಟರ್ ಮಾಡೋದು ಅಷ್ಟೇ ಕೆಲಸರೀ ಆಯಿ. ಅದು ಜಾತಕಾ ಹೇಳಂಗಿಲ್ಲ. ಜಗತ್ತಿನ ಬ್ಯಾರೆ ಬ್ಯಾರೆ ಕಡೆ ಮಂದಿ ಓದಿಟ್ಟ ಸಾವಿರಾರು ತುಂಡು ಅದರಾಗ ಕೂಡಿಸಿಟ್ಟಿರ್ತಾರ. ನಾವು ಒಂದು ತುಂಡು ಕೊಟ್ರ, ಒಂದೊಂದರ ಮಗ್ಗಲಕ ಇಟ್ಟು ನೋಡಿ, ಇದು ಯಾವುದರ ತುಂಡು, ಯಾವುದಕ್ಕ ಹೊಂದತದ ಅಂತ ಹೇಳತದ. ಕೈಲೆ ನೋಡಾಕ ಹೋದ್ರ ನನ್ನ ಆಯುಷ್ಯ ಸಾಲಂಗಿಲ್ಲ.”

ಗುರಮ್ಮ ಚೊಂಬು ಕೆಳಗಿಟ್ಟಳು. ಕೌದಿಯ ಮಾತು ಬಂದ ಮೇಲೆ ಅದು ಅವಳ ಮಾತಾಯಿತು. “ಏನು ಹೇಳ್ತು ಹಂಗಾದ್ರ?”

“ಕಾಶಿ ರಕ್ತದಾಗಿನ ಹುಳ ಜ್ವರದ್ದು. ಮಡುವಿನ ಕೆಸರಿನಾಗಿನ ಹುಳ ಬ್ಯಾರೆ ಜಾತೀದು, ಅದು ಜ್ವರಾ ತರಂಗಿಲ್ಲ. ಎರಡೂ ಬ್ಯಾರೆ ಬ್ಯಾರೆ ಕೌದಿ. ಆದ್ರ ಆ ಕ್ಯಾಪ್ಸೂಲಿಗೆ ಸಾಯದಂಗ ಮಾಡೋ ತುಂಡು ಎರಡರಾಗೂ ಒಂದೇ ಅದ. ದಡಿ ಅದೇ, ನೇಯ್ಗಿ ಅದೇ. ಒಂದಕ್ಷರಾನೂ ಹೆಚ್ಚು ಕಡಿಮಿ ಇಲ್ಲ.”

“ಹುಳ ಹುಳಕ್ಕ ತುಂಡು ಕೊಡ್ತಾವೇನು?”

“ಕೊಡ್ತಾವ್ರಿ. ನೀವು ನಿಂಬೆವ್ವಾರಿಗೆ ಕೊಟ್ಟಂಗ.”

ನಿಂಬೆವ್ವ ಈಗ ಪಾತ್ರೆ ಬಿಟ್ಟು ಹತ್ತಿರ ಬಂದು ನಿಂತಿದ್ದಳು.

“ಕೆಸರಿನಾಗ ಇಂಥಾ ಹುಳ ಎಲ್ಲಾ ಕಡೆ ಇರ್ತಾವ,” ಎಂದಳು ಗುರಮ್ಮ. ಅಷ್ಟು ಬೇಗ ಸೋಲುವವಳಲ್ಲ. “ಹೊಳಿ ಅಂದ ಮ್ಯಾಲ ಇರ್ತಾವ.”

“ಅದಕ್ಕ ಎರಡು ಬಾಟ್ಲಿ ಒಯ್ದಿದ್ದೆ. ಊರ ಮ್ಯಾಗಿನ ಕೆಸರಿನಾಗ ಹುಡುಕಿ ಹುಡುಕಿ ಸಾಕಾತು, ಆ ತುಂಡು ಸಿಗಲಿಲ್ಲ. ಮಡುವಿನ ಕೆಸರಿನಾಗ ಎಲ್ಲಿ ಕೈ ಹಾಕಿದ್ರೂ ಸಿಕ್ತು. ಎಲ್ಲಾ ಮನಿ ಔಷಧಿ ಇಲ್ಲೇ ಬೀಳತದ. ನೀರು ನಿಂತದ, ಎಲ್ಲೂ ಹರಿಯಂಗಿಲ್ಲ. ಸೋತ ಹುಳ ಸಾಯ್ತಾವ, ತುಂಡು ಇದ್ದಾವು ಉಳದು ಮರಿ ಮಾಡ್ತಾವ. ಊರಿನ ಬಚ್ಚಲು ನೀರೂ ಇಲ್ಲಿಗೇ ಬರತದ, ಹೊರಕಡಿಗೆ ಕುಂತ ಮಂದೀದೂ ಇಲ್ಲಿಗೇ ಬರತದ. ಜಡ್ಡಿನ ಹುಳಾನೂ ಅದರ ಸಂಗಡ ಬಂದು ಇವುಗಳ ಜೋಡಿ ಕೂಡತಾವ. ಮತ್ತ ಇದೇ ನೀರು ಮಂದಿ ಕುಡೀತಾರ.”

ಗುರಮ್ಮ ಮಡುವನ್ನು ನೋಡಿದಳು. ನೀರು ಎಂದಿನ ಹಾಗೆಯೇ ಹಸಿರಾಗಿ ನಿಂತಿತ್ತು. ಆಮೇಲೆ ಅವಳು ಕೇಳಿದ ಪ್ರಶ್ನೆಯನ್ನು ಹಮೀದಾಬೇಗಂ ನಿರೀಕ್ಷಿಸಿರಲಿಲ್ಲ.

“ಯಾರು ಯಾರಿಗೆ ಕೊಟ್ರು? ಮಡು ಕಾಶಿಗೆ ಕೊಟ್ಟಿತೋ, ನಾನು ಬಿಟ್ಟ ಔಷಧಿಯಿಂದ ಕಾಶಿ ಹುಳ ಮಡುವಿಗೆ ಕೊಟ್ಟಿತೋ?”

ಗನಿ ಸುಳ್ಳು ಹೇಳಬಹುದಿತ್ತು, ಕೆಲಸ ಸುಲಭವಾಗುತ್ತಿತ್ತು. ಹೇಳಲಿಲ್ಲ. “ಅದನ್ನ ಕಂಪ್ಯೂಟರ್ ಹೇಳಂಗಿಲ್ರಿ ಆಯಿ. ನಾನು ಕೆಸರು ಒಯ್ದಾಗ ಕಾಶಿಗೆ ಜ್ವರಾ ಬಂದಿರ್ಲಿಲ್ಲ. ಆವಾಗಲೇ ತುಂಡು ಕೆಸರಿನಾಗ ಇತ್ತು. ಹಂಗಾಗಿ ನೀವು ಬಿಟ್ಟ ಕ್ಯಾಪ್ಸೂಲೊಂದೇ ಕಾರಣ ಅಲ್ಲ. ಎಷ್ಟೋ ವರ್ಷದಿಂದ ಎಷ್ಟೋ ಮಂದಿ ಬಿಟ್ಟಾರ.”

“ನಾನೂ ಬಿಟ್ಟೇನಿ.”

“ಹೌದ್ರಿ.”

ಗುರಮ್ಮ ಬಂಡೆಯ ಮೇಲೆ ಕುಳಿತಳು. ಅವಳಿಗೆ ದುಃಖವಾಯಿತು. ಊರಿನವರ ಮುಂದೆ ಅಳುವ ಹೆಂಗಸಲ್ಲದ್ದರಿಂದ ಮುಖ ಆ ಕಡೆ ತಿರುಗಿಸಿದಳು. ಹಮೀದಾಬೇಗಂ ಪಕ್ಕದಲ್ಲಿ ಹೋಗಿ ಕುಳಿತಳು.

“ಈಗ ಸೆರಗಿನಾಗ ಇರೋ ಗುಳಿಗಿ ಇದರಾಗ ಬಿಟ್ರ?” ಎಂದು ಗುರಮ್ಮ ಕೇಳಿದಳು.

“ಮಡುವಿನಾಗ ಇದಕ್ಕೂ ಒಂದು ತುಂಡು ತಯಾರಾಗತದ,” ಎಂದ ಗನಿ. “ಇವತ್ತಲ್ಲ ನಾಳಿ ಯಾವುದೋ ಕೂಸಿನ ಹೊಟ್ಟಿಗೆ ಹೋಗತದ. ಆ ಕೂಸಿಗೆ ಈ ಗುಳಿಗಿನೂ ನಾಟಂಗಿಲ್ಲ.”

“ಬಿಡ್ಲಿಲ್ಲ ಅಂದ್ರ ಮನ್ಯಾಗ ಉಳೀತದ. ಉಳಿದ್ರ ಜಡ್ಡು ತಿರುಗಿ ಬರತದ. ನಮ್ಮ ಅತ್ತಿ ಸಾಯೋ ಹೊತ್ತಿನಾಗೂ ಅದನ್ನೇ ಹೇಳ್ಯಾಳ. ಆಕಿ ಮಾತು ನಾ ಹ್ಯಾಂಗ ಮುರೀಲಿ ಬೇಗಂ? ಇದು ನನ್ನ ಕೂಸಿನ ಜೀವದ ಮಾತು.”

ಹಮೀದಾಬೇಗಂ ಗುರಮ್ಮನ ಮೊಳಕಾಲಿನ ಮೇಲೆ ಕೈಯಿಟ್ಟಳು.

“ಮುರೀಬ್ಯಾಡ್ರಿ. ನಿಮ್ಮ ಅತ್ತಿ ಏನಂದ್ರು? ಔಷಧಿ ಮನ್ಯಾಗ ಉಳೀಬಾರದು ಅಂದ್ರು. ಡಾಕ್ಟರ್ ಏನಂದ್ರು? ಒಂದೂ ಉಳಿಸಬ್ಯಾಡ್ರಿ ಅಂದ್ರು. ಇಬ್ಬರದೂ ಒಂದೇ ಮಾತಲ್ರೀ. ಮನ್ಯಾಗ ಇಡಬ್ಯಾಡ್ರಿ, ಮಡುವಿಗೂ ಹಾಕಬ್ಯಾಡ್ರಿ. ಕೂಸಿನ ಹೊಟ್ಟಿಗೆ ಹಾಕ್ರಿ. ಕಡೀ ಗುಳಿಗಿ ನುಂಗಿದ ದಿನ ನಿಮ್ಮ ಮನ್ಯಾಗ ಔಷಧಿನೂ ಇಲ್ಲ, ಜಡ್ಡೂ ಇಲ್ಲ. ಆವತ್ತು ಜಡ್ಡಿನ ನೀರು ಹಾಕ್ರಿ, ನಾನೇ ಬಂದು ಬೇವಿನೆಲಿ ಕುದಸ್ತೇನಿ.”

ಗುರಮ್ಮ ಸೆರಗಿನ ಗಂಟು ಬಿಚ್ಚಿದಳು. ನಿಂಬೆವ್ವ ಕತ್ತು ಚಾಚಿದಳು. ಗುರಮ್ಮ ಗುಳಿಗೆಗಳನ್ನು ಅಂಗೈಯಲ್ಲಿ ಹಿಡಿದು, ಮಡುವಿಗೆ ಬೆನ್ನು ಹಾಕಿ, ಬೇವಿನ ನೆರಳಿಗೆ ನಡೆದಳು.

“ಕಾಶವ್ವಾ, ಮಧ್ಯಾಹ್ನದ ಗುಳಿಗಿ ನುಂಗಿಯೇನು?”

“ಇಲ್ಲ ಆಯಿ. ನೀವೇ ಬ್ಯಾಡ ಅಂದ್ರಿ.”

“ಈಗ ನುಂಗು ಅಂತೇನಿ.” ಚೊಂಬಿನ ನೀರು ಕೊಡಲು ಹೋದವಳು ಕೈ ತಡೆದಳು. ಚೊಂಬಿನಲ್ಲಿದ್ದದ್ದು ಮಡುವಿನ ನೀರು. ಅದನ್ನು ಬೇವಿನ ಬುಡಕ್ಕೆ ಚೆಲ್ಲಿದಳು. ಹಮೀದಾಬೇಗಂ ತನ್ನ ಚೀಲದಿಂದ ಕುದಿಸಿ ಆರಿಸಿದ ನೀರಿನ ಬಾಟಲಿ ತೆಗೆದುಕೊಟ್ಟಳು. ಕಾಶಿ ಮುಖ ಕಿವುಚಿ ನುಂಗಿದಳು.

ಉಳಿದ ಗುಳಿಗೆಗಳು ಗುರಮ್ಮನ ಮನೆಯ ದೇವರ ಜಗಲಿಯ ಮೇಲೆ, ಲಿಂಗವಿಡುವ ಕರಡಿಗೆಯ ಪಕ್ಕದಲ್ಲಿ ಕುಳಿತವು. ಲಿಂಗಪೂಜೆಯಾದ ಕೂಡಲೇ ಗುಳಿಗೆ, ಊಟವಾದ ಕೂಡಲೇ ಗುಳಿಗೆ. ಕಾಶಿ ಒಲ್ಲೆ ಎಂದರೆ ಗುರಮ್ಮ ಎದುರು ಕುಳಿತು ಬಾಯಿ ತೆರೆಸಿ ನೋಡುತ್ತಿದ್ದಳು, ನಾಲಗೆಯ ಕೆಳಗೂ ನೋಡುತ್ತಿದ್ದಳು. ಇದರ ನಡುವೆ ಚಂದ್ರಾಮಪ್ಪನಿಗೆ ಕಾಲಿಗೆ ಮುಳ್ಳು ನೆಟ್ಟು ಕೀವಾಯಿತು. ಅಂಗಡಿಯ ಕ್ಯಾಪ್ಸೂಲು ಬಿಡಿಸಿ ಪುಡಿ ಹಚ್ಚಲು ಹೊರಟ. ಗುರಮ್ಮ ಅವನ ಕೈಯಿಂದ ಕಸಿದುಕೊಂಡು, “ಡಾಕ್ಟರ್ ಹೇಳ್ಯಾನೇನಲೇ?” ಎಂದಳು. ಅವನು ಕುಂಟುತ್ತ ಹಮೀದಾಬೇಗಂ ಬಳಿ ಹೋದ.

ಗುಳಿಗೆ ಮುಗಿದ ಮರುದಿನ ಅಂಗಳದಲ್ಲಿ ಹಂಡೆ ಇಟ್ಟು ಬೇವಿನೆಲೆ ಕುದಿಸಿದರು. ಗುರಮ್ಮ ಮೊಮ್ಮಗಳ ತಲೆಯ ಮೇಲೆ ಜಡ್ಡಿನ ನೀರು ಹಾಕಿದಳು. ಉಳಿದ ಬೇವಿನ ಕಷಾಯವನ್ನು ಬಟ್ಟಲಿನಲ್ಲಿ ಹಿಡಿದು ಮಡುವಿಗೆ ಹೋದಳು. ಅಂದು ಅಲ್ಲಿ ಹೆಂಗಸರು ಬಹಳ ಇದ್ದರು. ನಿಂಬೆವ್ವ ಊರಿಗೆಲ್ಲ ಸುದ್ದಿ ಹಬ್ಬಿಸಿದ್ದಳು. ಗುರಮ್ಮ ಕಷಾಯವನ್ನು ನೀರಿಗೆ ಬಿಟ್ಟು ಕೈ ಮುಗಿದಳು.

“ಗುಳಿಗಿ ಎಲ್ಲಿ ಗುರವ್ವಾ?” ಎಂದು ಒಬ್ಬಳು ಕೇಳಿದಳು. “ಗುಳಿಗಿ ಬಿಡದ ಜಡ್ಡಿನ ನೀರು ಎಂಥಾದ್ದು?”

ಗುರಮ್ಮ ಪಕ್ಕದಲ್ಲಿ ನಿಂತಿದ್ದ ಕಾಶಿಯ ಹೊಟ್ಟೆಯ ಮೇಲೆ ಕೈಯಿಟ್ಟಳು. “ಇಲ್ಲಿ ಬಿಟ್ಟೇನಿ,” ಎಂದಳು.

ಕಾಶಿಗೆ ಜ್ವರ ತಿರುಗಿ ಬರಲಿಲ್ಲ.

ಗನಿ ಮತ್ತೆ ಮತ್ತೆ ಬಂದು ಕೆಸರು ಒಯ್ಯುತ್ತಾನೆ. ಆ ತುಂಡು ಇನ್ನೂ ಇದೆ ಎನ್ನುತ್ತಾನೆ. ಕೆಸರಿಗೆ ಒಮ್ಮೆ ಅಂಟಿದ್ದು ಬೇಗ ಬಿಡುವುದಿಲ್ಲ. ಊರಿನವರು ಈಗ ಅವನನ್ನು ಕೆಸರುಗಳ್ಳ ಎನ್ನುವುದಿಲ್ಲ, ಕೆಸರಿನ ಡಾಕ್ಟರ್ ಎನ್ನುತ್ತಾರೆ. ಅವನಿಗೆ ಇನ್ನೂ ಡಾಕ್ಟರ್ ಪದವಿ ಬಂದಿಲ್ಲ, ಆದರೆ ಅವನು ತಿದ್ದಲು ಹೋಗುವುದಿಲ್ಲ.

ಈಗ ನಿಮ್ಮ ಮಾತು. ನಿಮ್ಮ ಊರಿಗೂ ಒಂದು ಮಡು ಇರುತ್ತದೆ. ಮಡು ಇಲ್ಲದಿದ್ದರೆ ಕೆರೆ, ಹಳ್ಳ, ಬಾವಿ, ಕಡೆಗೆ ಮನೆಯ ಹಿಂದಿನ ಬಚ್ಚಲುಗುಂಡಿ. ಉಳಿದ ಗುಳಿಗೆ ಅಲ್ಲಿಗೆ ಹೋಗುತ್ತಿದ್ದರೆ ಇವತ್ತೇ ನಿಲ್ಲಿಸಿ. ಡಾಕ್ಟರರು ಎಷ್ಟು ದಿನ ನುಂಗಿ ಎಂದರೋ ಅಷ್ಟು ದಿನ ನುಂಗಿ, ಮೈ ತಣ್ಣಗಾದರೂ ನುಂಗಿ. ಅವರು ಬರೆದುಕೊಡದ ಕ್ಯಾಪ್ಸೂಲನ್ನು ಅಂಗಡಿಯಿಂದ ತಂದು ನುಂಗಬೇಡಿ, ಗಾಯಕ್ಕೆ ಸುರಿಯಬೇಡಿ, ಕೋಳಿಯ ನೀರಿಗೆ ಹಾಕಬೇಡಿ, ಪಕ್ಕದ ಮನೆಗೆ ಕೊಡಬೇಡಿ. ಔಷಧಿ ಬದಲಾಗಿ ಹಳೆಯದು ಉಳಿದರೆ ನಿಮ್ಮ ಆರೋಗ್ಯ ಕೇಂದ್ರದ ನರ್ಸನ್ನು ಕೇಳಿ, ಏನು ಮಾಡಬೇಕೆಂದು ಹೇಳುತ್ತಾರೆ. ನೀರು ಕುದಿಸಿ ಕುಡಿಯಿರಿ. ಮಡುವಿನ ದಂಡೆಗೆ ಹೊರಕಡೆ ಹೋಗಬೇಡಿ.

ಇಷ್ಟೂ ಮಾಡಿದರೆ ನಿಮಗೇನು ಸಿಗುತ್ತದೆ ಎಂದು ಕೇಳುವವರಿಗೆ ನಾವು ಹೇಳುವುದು ಇಷ್ಟೇ. ನಿಮ್ಮ ಮನೆಯ ಕೂಸಿಗೆ ಜ್ವರ ಬಂದ ದಿನ, ಕೊಟ್ಟ ಔಷಧಿ ನಾಟುತ್ತದೆ. ಕೂಸು ಕಣ್ಣು ಬಿಟ್ಟು, ಆಯಿ ಎಲ್ಲಿ ಎಂದು ಕೇಳುತ್ತದೆ.